ತೊಟ್ಟಿಲಿಗೆ ಅಪ್ಪಣೆ

ಕೊನೆಯ ತೊಟ್ಟಿಲ ಕೀಲಿಗೆ ಕೀಲೆಣ್ಣೆ ಸವರುತ್ತಿದ್ದಾಗ ಸಾಬೀರಾಳಿಗೆ ಹೊಳೆಯಿತು, ಅತ್ತೆ ಸಾಲೋಟಗಿಗೆ ಹೋಗಿ ಬರುವಷ್ಟರಲ್ಲಿ ಈ ಕೆಲಸ ಮುಗಿಸಿಬಿಡಬಹುದು. ಕೆಲಸ ಎಂದೇ ಮನಸ್ಸು ಅದಕ್ಕೆ ಹೆಸರಿಟ್ಟಿತು. ಮೋಸ ಅನ್ನಲಿಲ್ಲ. ಅವಳು ಕೈಯಲ್ಲಿದ್ದ ಚಿಂದಿಯನ್ನು ಎಣ್ಣೆ ಡಬ್ಬಿಯ ಅಂಚಿಗೆ ಒರೆಸಿ, ತೊಟ್ಟಿಲನ್ನು ಒಮ್ಮೆ ತೂಗಿ ನೋಡಿದಳು. ಕಿರ್ ಅನ್ನಲಿಲ್ಲ.

ಸಿಂದಗಿಯ ಸಂತೆ ಬಯಲಿನ ಅಂಚಿಗೆ ನಿಂತ ಆ ತಿರುಗುವ ತೊಟ್ಟಿಲು ಅವಳ ಮಾವ ಕೈಯಾರೆ ಮಾಡಿದ್ದು. ತೇಗದ ಎರಡು ಕಂಬ, ನಡುವೆ ಅಡ್ಡ ಅಚ್ಚು, ಅದರ ಸುತ್ತ ನಾಲ್ಕು ತೊಟ್ಟಿಲು. ಇಂಡಿಯ ಸಂತೆ, ಮುದ್ದೇಬಿಹಾಳದ ದನದ ಪೇಟೆ, ಬಾಗೇವಾಡಿ ಅಂತ ಬಿಚ್ಚಿ ಬಂಡಿಯ ಮೇಲೆ ಹೇರಿ ಒಯ್ಯುವುದು, ಮತ್ತೆ ಕಟ್ಟುವುದು. ಮಾವ ತೀರಿದ ಮೇಲೆ ಅದು ಅತ್ತೆ ಜೋಹರಾಬಿಯದಾಯಿತು. ತಿರುಗಿಸುವವನು ಗಂಡ ಬಾಬುಲಾಲ. ಆದರೆ ಯಾವ ಹಲಗೆ ಮಳೆಗೆ ಉಬ್ಬುತ್ತದೆ, ಯಾವ ಕೀಲು ಬಿಸಿಲಿಗೆ ಸಡಿಲಾಗುತ್ತದೆ ಎಂಬುದು ಗೊತ್ತಿದ್ದದ್ದು ಸಾಬೀರಾಳಿಗೆ. ಮದುವೆಯಾಗಿ ಬಂದ ವರ್ಷದಿಂದ ಅದರ ಮೈ ತಿಕ್ಕಿ, ಎಣ್ಣೆ ಕುಡಿಸಿ ಸಾಕಿದವಳು ಅವಳು. ಮಕ್ಕಳಾಗದ ಮನೆಯಲ್ಲಿ ಅವಳ ಕೈಗೆ ಸಿಕ್ಕ ತೊಟ್ಟಿಲು ಅದೊಂದೇ.

ಅದರಲ್ಲಿ ಅವಳು ಒಮ್ಮೆಯೂ ಕೂತವಳಲ್ಲ. “ಮನಿ ಸೊಸಿ ಮ್ಯಾಲ ಹೋಗಿ ಕುಂತ್ರ ಊರ ಮಂದಿ ಕೆಳಗ ನಿಂತ ನೋಡತೈತಿ” ಎಂದಿದ್ದಳು ಜೋಹರಾಬಿ. ಕೆಟ್ಟ ಹೆಂಗಸಲ್ಲ. ರೀತಿ ರಿವಾಜು ಬಿಗಿ ಅಷ್ಟೆ. ಓಣಿಯ ದರ್ಜಿಗೆ ಮಾವನ ಹೆಸರೇ ಇತ್ತು. ಅದಕ್ಕೇ ಅತ್ತೆ ಅವನನ್ನು ಇಂದಿಗೂ “ಏ ಹೊಲಿಗ್ಯಾ” ಎಂದೇ ಕರೆಯುವುದು, ಅವನು ಸಿಟ್ಟಿಗೇಳುವುದು, ಓಣಿ ನಗುವುದು ನಡೆದೇ ಇತ್ತು.

ಆ ವಾರ ಕೊಲ್ಲಾಪುರದ ಸಿನಿಮಾ ಕಂಪನಿಯ ಮ್ಯಾನೇಜರ ಮನೆಗೆ ಬಂದಿದ್ದ. ಕಟ್ಟೆಯ ಮೇಲೆ ಕೂತು, ಪರದೆಯ ಹಿಂದಿದ್ದ ಜೋಹರಾಬಿಗೆ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದ: “ಕ್ಯಾಮರಾ ಒಂದ ತೊಟ್ಟಲದಾಗ ಕಟ್ಟತೇವ್ರಿ ಬಾಯಿ. ಎದುರಿನ ತೊಟ್ಟಲದಾಗ ಹೀರೋಯಿನ್ ಕೂಡತಾಳ್ರಿ. ಹಾಡ ಮುಗಿಯೂತನಕ ತಿರಗಿದ್ರ ಸಾಕ್ರಿ. ಹಿಂತಾ ತೊಟ್ಟಲ ಎಲ್ಲೂ ಸಿಗಲಿಲ್ರಿ, ಎಲ್ಲಾ ಕಬ್ಬಿಣದ್ದ ಆಗ್ಯಾವು.”

“ನಮ್ಮನಿಯವರು ಹುಡುಗ್ರ ನಗಲಿ ಅಂತ ಕಟ್ಟಿದ್ದದು. ಕುಣಿಯೋರ್ನ ಕೂಡ್ಸಾಕಲ್ಲ” ಎಂದಳು ಜೋಹರಾಬಿ. “ಚಾ ಕುಡೀರಿ, ಹೋಗ್ರಿ. ಹೆಂಗೂ ಅದನ್ನ ಬಿಚ್ಚಸಾಕತ್ತೇನಿ. ಬಾಗೇವಾಡಿ ಬಡಿಗ್ಯಾಗ ಹೇಳಿ ಕಳಿಸೇನಿ. ಇಂಗಳೇಶ್ವರ ಅವರ ಹುಟ್ಟಿದೂರ, ಅಲ್ಲಿ ಮಸೂತಿಗೆ ಬಾಗಲಾ ಆಗತೈತಿ. ಮ್ಯಾಲ ಅವರ ಹೆಸರ ಕೆತ್ತಸ್ತೇನಿ. ಹೆಸರ ಉಳೀಲಿ.”

ಚಹಾ ಹಿಡಿದು ನಿಂತಿದ್ದ ಸಾಬೀರಾಳಿಗೆ ಆ ಸುದ್ದಿ ತಿಳಿದದ್ದೇ ಆಗ. ಅವಳು ಗಂಡನ ಕಡೆ ತಿರುಗಿದಳು. ಬಾಬುಲಾಲ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಮೊದಲೇ ಗೊತ್ತಿತ್ತು. ತಾಯಿಯ ಮಾತಿಗೆ ಎದುರಾಡುವುದು ಅವನ ಜಾಯಮಾನವಲ್ಲ. ಹೆಂಡತಿಗೆ ಹೇಳುವುದೂ ಅಲ್ಲ.

ಹೊರಗೆ ಚಪ್ಪಲಿ ಮೆಟ್ಟುತ್ತ ಮ್ಯಾನೇಜರ ಸಾಬೀರಾಳ ಕಡೆ ನೋಡಿ ಗೊಣಗಿದ: “ಮಾಲಕಳು ಕಚೇರ್ಯಾಗ ಮಾಮಲೇದಾರ ಸಾಹೇಬನ ಮುಂದ ಬಂದು ಒಂದ ಸಲ ಹೂಂ ಅಂದಿದ್ರ ಸಾಕಾಗಿತ್ತವಾ. ಹೊಸಾ ಸಾಹೇಬ ಮೈಸೂರು ಕಡಿಯಾಂವ, ಎದುರಿಗೆ ಬಾಯಿಲೆ ಒಪ್ಪಬೇಕಂತಾನ. ಅಪ್ಪಣಿ ಆತಂದ್ರ ಪಿಕ್ಚರ ಮುಗಿಯೂತನಕ ಆ ತೊಟ್ಟಲ ಯಾರೂ ಬಿಚ್ಚಾಂಗಿಲ್ಲ. ಇನ್ನೊಂದ ಹಾಡ ಮಳಿಗಾಲ ದಾಟಿದ ಮ್ಯಾಲೈತಿ.”

ಯಾರೂ ಬಿಚ್ಚಾಂಗಿಲ್ಲ. ಆ ಮಾತು ಅವಳ ಎದೆಯಲ್ಲಿ ಗೂಟ ಹೊಡೆದು ಕೂತಿತು. ಮಳೆಗಾಲ ದಾಟುವವರೆಗೆ ತೊಟ್ಟಿಲು ನಿಂತರೆ ಸಾಕು. ಸಿನಿಮಾದವರು ಹತ್ತಿದ ತೊಟ್ಟಿಲೆಂದು ಜನ ಮುಗಿಬೀಳುತ್ತಾರೆ, ಮಕ್ಕಳು ಕಿರುಚಿ ನಗುತ್ತವೆ, ಅದನ್ನು ಕೇಳಿದ ಮೇಲೆ ಅತ್ತೆಯೇ ಬಡಿಗನನ್ನು ಹಿಂದಕ್ಕೆ ಕಳಿಸುತ್ತಾಳೆ. ಯಾರಿಗೂ ನಷ್ಟವಿಲ್ಲ. ಮಸೀದಿಗೆ ಬೇರೆ ಬಾಗಿಲು ಆದೀತು. ಹೀಗೆ ಅವಳು ತನಗೆ ತಾನೇ ಒಪ್ಪಿಸಿಕೊಂಡಳು.

ಜೋಹರಾಬಿಯ ತಂಗಿ ಬಾನುಬಿಯ ಮೊಮ್ಮಗಳ ಮದುವೆ ಸಾಲೋಟಗಿಯಲ್ಲಿ. ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ಯುವವನು ಬಾಬುಲಾಲ. ಮನೆ ಕಾಯುವವಳು ಸಾಬೀರಾ. ಮದುವೆಗೆ ಅತ್ತೆ ಹೊಸ ಬುರ್ಖಾ ತೊಡುತ್ತಾಳೆ. ಹಳೆಯದು ಗೂಟಕ್ಕೇ ಇರುತ್ತದೆ. ಕಣ್ಣಿಗೆ ಜಾಳಿಗೆ ಹೊಲಿದ ಬಿಳಿಯ ಬುರ್ಖಾ. ಊರು ಅತ್ತೆಯನ್ನು ಗುರುತಿಸುವುದೇ ಅದರಿಂದ ಮತ್ತು ಎಳೆದು ಹಾಕುವ ಎಡಗಾಲಿನಿಂದ. ನಡಿಗೆಯನ್ನು ಸಾಬೀರಾ ಹಿತ್ತಲಲ್ಲಿ ಕಲಿತಳು. ಮಾತಿಗೆ ಮೊದಲು ಬರುವ ಒಣ ಕೆಮ್ಮನ್ನು ಕಲಿತಳು. ಕೀಲೆಣ್ಣೆಯ ವಾಸನೆ ಹೋಗಲೆಂದು ಕೈಗಳನ್ನು ಬೂದಿಯಲ್ಲಿ ತಿಕ್ಕಿ, ಸೀಗೆಪುಡಿಯಲ್ಲಿ ತಿಕ್ಕಿ, ಬಾಯಲ್ಲಿ ಅತ್ತೆಯ ಹಾಗೆ ಲವಂಗ ಇಟ್ಟುಕೊಂಡಳು. ಕಚೇರಿಯ ಜವಾನ ಸಿದ್ರಾಮ ಹಿಂದಿನ ಓಣಿಯವನು, ಅತ್ತೆಯನ್ನು ಬಲ್ಲವನು. ಅವನು ಬುರ್ಖಾ ನೋಡಿ ಅಜ್ಜಿ ಅಂದರೆ ಸಾಕು, ಸಾಹೇಬನಿಗೆ ಬೇರೆ ಸಾಕ್ಷಿ ಬೇಡ. ಆಮೇಲೆ ಸುದ್ದಿ ಹರಡುವ ಭಯವೂ ಇರಲಿಲ್ಲ. ಕಚೇರಿಗೆ ದಿನಕ್ಕೆ ಎಷ್ಟೋ ಜನ ಬರುತ್ತಾರೆ, ಹೋಗುತ್ತಾರೆ. ಮುದುಕಿಯೊಬ್ಬಳು ಬಂದು ಹೂಂ ಅಂದುಹೋದದ್ದನ್ನು ಯಾರು ಮನೆಗೆ ಹೋಗಿ ಹೇಳುತ್ತಾರೆ?

ಬಳೆಗಳದ್ದೇ ಸಂಕಟ. ವಿಧವೆಯ ಕೈಯಲ್ಲಿ ಹಸಿರು ಬಳೆ ಇರಬಾರದು. ಒಡೆಯಲು ಮನಸ್ಸಾಗಲಿಲ್ಲ. ಎಣ್ಣೆ ಹಚ್ಚಿ ಒಂದೊಂದಾಗಿ ಜಾರಿಸಿ ಜೋಳದ ಮಡಿಕೆಯಲ್ಲಿ ಹುದುಗಿಸಿದಳು. ಗಂಡ ಬಸ್ಸಿನಲ್ಲಿರುವ ಹೊತ್ತಿಗೆ ಕೈ ಬೋಳು ಮಾಡಿಕೊಂಡೆನಲ್ಲ ಅನ್ನಿಸಿತು. ಅವನ ಬಸ್ಸು ಸುರಕ್ಷಿತ ಮುಟ್ಟಲಿ ಎಂದು ಬೇಡಿಕೊಂಡಳು. ಮೋಸಕ್ಕೆ ಹೊರಟವಳ ಬೇಡಿಕೆ ಯಾರಿಗೆ ಮುಟ್ಟುತ್ತದೋ ಅವಳಿಗೆ ತಿಳಿಯಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ನಾಲಗೆ. ಕಚೇರಿಯಲ್ಲಿ ಯಾವ ಹೆಂಗಸಿಗೂ ಕೇಳುವುದು ಎರಡೇ, ನಿನ್ನ ಹೆಸರೇನು, ಗಂಡನ ಹೆಸರೇನು. ಜೋಹರಾಬಿಯ ಗಂಡ ಅಂದರೆ ತನ್ನ ಮಾವ. ಮಾವನ ಹೆಸರನ್ನು ಅವಳು ಜನ್ಮದಲ್ಲಿ ಉಚ್ಚರಿಸಿದವಳಲ್ಲ. ಅಲ್ಲಿ ತಡವರಿಸಿದರೆ, ಸಾಹೇಬ ಜಾಳಿಗೆಯ ಒಳಗೆ ಇಣುಕಿ ನೋಡಿದರೆ, ಮುಗಿಯಿತು. ಬೀಸುಕಲ್ಲಿನ ಮುಂದೆ ಕೂತು, ಕಲ್ಲಿನ ಸದ್ದು ಜೋರಾದಾಗ ಹೆಸರನ್ನು ಹೇಳಲು ನೋಡಿದಳು. ಮೊದಲು ತುಟಿಯೇ ಬಿಚ್ಚಲಿಲ್ಲ. ಆಮೇಲೆ ಅರ್ಧ ಬಂತು, ಉಳಿದರ್ಧ ಗಂಟಲಲ್ಲೇ ಉಳಿಯಿತು. ನಾನು ಸೊಸೆಯಲ್ಲ, ಸೊಸೆಯಲ್ಲ, ನಾನು ಜೋಹರಾಬಿ ಎಂದು ತನ್ನನ್ನೇ ಗದರಿಸಿಕೊಂಡಳು. ಮುಂದಿನ ಹಿಡಿ ಜೋಳ ಸುರಿದಾಗ ಹೆಸರು ಪೂರ್ತಿ ಬಂತು. ಹಿಟ್ಟು ಮುಗಿಯುವ ಹೊತ್ತಿಗೆ ಅದು ಸಲೀಸಾಗಿ ಉದುರತೊಡಗಿತು. ಮೈ ಬೆವೆತಿತ್ತು. ಇಷ್ಟು ಗೆದ್ದವಳು ಇನ್ನು ಎಲ್ಲಿಯೂ ಸಿಕ್ಕಿಬೀಳುವುದಿಲ್ಲ ಅನ್ನಿಸಿತು.

ಕಚೇರಿಯಲ್ಲಿ ಎಲ್ಲವೂ ಅವಳು ನೆನೆಸಿದ ಹಾಗೇ ನಡೆಯಿತು. ಅತ್ತೆ ಒಪ್ಪಿದ್ದಾಳೆಂದು ಅವಳೇ ಮೊದಲು ಹೇಳಿ ಕಳಿಸಿದ್ದರಿಂದ ಮ್ಯಾನೇಜರ ಹಿಗ್ಗಿನಿಂದ ಮುಂದೆ ಮುಂದೆ ನಡೆದ. “ಬರ್ರಿ ಅಜ್ಜೀ, ಮೆಟ್ಟಲಾ ಐತಿ, ಹಗೂರಕ” ಎಂದ ಸಿದ್ರಾಮ. ಅವಳು ಕೆಮ್ಮಿದಳು, ಕಾಲೆಳೆದಳು. ಸಾಹೇಬ ಎಳೆಯ ವಯಸ್ಸಿನವನು, ಮೃದು ದನಿ.

“ನಿಮ್ಮ ಹೆಸರೇನಮ್ಮ?”

“ಜೋಹರಾಬಿ.”

“ಯಜಮಾನರ ಹೆಸರು?”

“ಅಮೀನುದ್ದೀನ.”

ಬಾಗಿಲ ಬಳಿ ನಿಂತಿದ್ದ ಸಿದ್ರಾಮ ಒಂದು ಹೆಜ್ಜೆ ಮುಂದೆ ಬಂದು, ಏನೋ ಹೇಳಲು ಬಾಯಿ ತೆರೆದವನು ತೆರೆದಂತೆಯೇ ನಿಂತ. ಆಕಳಿಕೆ ಇರಬೇಕು ಅಂದುಕೊಂಡಳು ಅವಳು.

“ಸಿನಿಮಾದವರು ನಿಮ್ಮ ತೊಟ್ಟಿಲಲ್ಲಿ ಚಿತ್ರ ತೆಗೆಯುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಯಾರ ಬಲವಂತವೂ ಇಲ್ಲ ತಾನೇ?”

“ಇಲ್ರಿ ಸಾಹೇಬ್ರ. ನನ್ನ ಖುಷಿಲೆ ಒಪ್ಪೇನಿ.”

ಸುಳ್ಳಿನಲ್ಲಿ ಅದೊಂದು ಮಾತು ಮಾತ್ರ ನಿಜವಾಗಿತ್ತು.

ಅತ್ತೆ ಸಾಲೋಟಗಿಯಿಂದ ಬರುವ ಮೊದಲೇ ಹಾಡು ತೆಗೆಯುವ ದಿನ ಬಂತು, ಜೊತೆಗೆ ಮತ್ತೊಂದು ಇಕ್ಕಟ್ಟೂ ಬಂತು. ಹೀರೋಯಿನ್ ತೊಟ್ಟಿಲು ನೋಡಿ ಹೆದರಿ ಕೂತುಬಿಟ್ಟಳು. “ಮಾಲಕಳು ಮೊದಲ ಹತ್ತಿ ತೋರಿಸ್ಲಿ, ಆಮ್ಯಾಲ ನಾ ಹತ್ತತೇನಿ” ಅಂದಳಂತೆ. ಮ್ಯಾನೇಜರ ಕೈಮುಗಿದ. ಬಿಳಿ ಬುರ್ಖಾದೊಳಗೆ ಸಾಬೀರಾ ಕೆಮ್ಮಿದಳು, ಕಾಲೆಳೆಯುತ್ತ ಮುಂದೆ ಬಂದಳು. ಆಮೇಲೆ ತಾನೇ ಎಣ್ಣೆ ಹಾಕಿದ ಕೀಲನ್ನು ಹಿಡಿದು ತೊಟ್ಟಿಲಲ್ಲಿ ಕೂತಳು.

ಕಂಪನಿಯ ಆಳುಗಳು ತಿರುಗಿಸಿದರು. ನೆಲ ಜಾರಿತು. ಸಂತೆ ಬಯಲು, ತೊಗರಿ ಮಾರುವ ಅಂಗಡಿಗಳ ತಗಡು, ಬಸ್ ಸ್ಟ್ಯಾಂಡು, ಎಲ್ಲ ಕಾಲಡಿಗೆ ಇಳಿದವು. ಗಾಳಿಗೆ ಜಾಳಿಗೆ ಮುಖಕ್ಕೆ ಅಂಟಿತು. ಅವಳಿಗೆ ಗೊತ್ತಿಲ್ಲದೆ ನಗು ಬಂತು. ಹುಡುಗಿಯ ನಗು. ಎಷ್ಟು ವರ್ಷ ಕೆಳಗೆ ನಿಂತು ಇದನ್ನು ಬೇರೆಯವರ ಬಾಯಲ್ಲಿ ಕೇಳಿದ್ದಳು! ತುದಿಗೆ ಹೋದಾಗ ಇಂಡಿಯ ರಸ್ತೆ ಕಂಡಿತು. ಅದೇ ರಸ್ತೆಯಲ್ಲಿ ಅತ್ತೆ ವಾಪಸು ಬರಬೇಕು. ಬುರ್ಖಾದ ಬಟ್ಟೆಯಿಂದ ಲವಂಗದ, ಮುದಿ ಬೆವರಿನ ವಾಸನೆ ಎದ್ದಿತು. ಜ್ವರ ಬಂದಾಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂತವಳ ವಾಸನೆ. ನಗು ಅಲ್ಲಿಗೇ ನಿಂತುಹೋಯಿತು.

ಜೋಹರಾಬಿ ಬಂದಾಗ ಸಾಬೀರಾ ಮೊದಲೇ ಕಟ್ಟಿಟ್ಟ ಮಾತು ಹೇಳಿದಳು: “ಸರ್ಕಾರದ ಹುಕುಂ ಆತ್ರಿ ಅತ್ತಿ. ನಮ್ಮನ್ನ ಯಾರ ಕೇಳತಾರ? ಪಿಕ್ಚರ ಮುಗಿಯೂತನಕ ಬಿಚ್ಚಬಾರದಂತ.”

ಮುದುಕಿ ನಿಟ್ಟುಸಿರು ಬಿಟ್ಟಳು. “ಸರ್ಕಾರದ ಮುಂದ ನಮ್ದೇನ ನಡಿತೈತಿ ಬಿಡ. ಬಡಿಗ್ಯಾಗ ಆಮ್ಯಾಲ ಬಾ ಅಂತ ಹೇಳಿದ್ರಾತು.” ಗಂಟು ಬಿಚ್ಚಿ, ಕಾಗದದ ಸುರುಳಿ ತೆಗೆದಳು. “ಮದವ್ಯಾಗ ಬಳಿಗಾರ ಬಂದಿದ್ದ. ನಿನ್ನ ಅಳತಿ ನನಗ ಗೊತ್ತಿತ್ತ. ಹಿಡಿ, ಕೈ ತಾ.” ಮಂಜುಗಟ್ಟಿದ ಕಣ್ಣುಗಳಿಂದ, ಬೆರಳ ಅಂದಾಜಿನಲ್ಲೇ, ಸೊಸೆ ಮಡಿಕೆಯಿಂದ ತೆಗೆದು ಮತ್ತೆ ತೊಟ್ಟಿದ್ದ ಬಳೆಗಳ ಜೊತೆಗೆ ಹೊಸ ಹಸಿರು ಬಳೆ ಏರಿಸಿದಳು. ಸಾಬೀರಾ ಕೈಯನ್ನು ಹಿಂದಕ್ಕೆಳೆದುಕೊಂಡಳು. “ನೋವಾತೇನ?” ಎಂದು ಕೇಳಿದಳು ಮುದುಕಿ.

ಮುಂದಿನ ಸಂತೆಗೆ ತೊಟ್ಟಿಲ ಮುಂದೆ ಜಾತ್ರೆಯಂತೆ ಜನ ನೆರೆದರು. ಬಾಬುಲಾಲನ ತೋಳು ಸೋತವು. ಅಂಗಳಕ್ಕೂ ಮಕ್ಕಳ ಕೇಕೆ ಕೇಳುತ್ತಿತ್ತು. ಜೋಹರಾಬಿ ಕಿವಿಗೊಟ್ಟು ಕೂತಿದ್ದವಳು ಒಮ್ಮೆ ಮುಗುಳ್ನಕ್ಕಳು. ಗೆದ್ದೆ ಅನ್ನಿಸಿತು ಸಾಬೀರಾಳಿಗೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು.

ಆಗ ಬಂದವಳು ಹುಚ್ಚವ್ವ. ಸಿದ್ರಾಮನ ಹೆಂಡತಿ, ಜೋಹರಾಬಿಗಿಂತ ಚಿಕ್ಕವಳಾದರೂ ಸಲಿಗೆಯವಳು. ಹೊಸ್ತಿಲು ದಾಟುವ ಮೊದಲೇ ನಗು ಶುರುವಾಗಿತ್ತು.

“ಏನಬೇ ಜೋಹರಾಬಿ, ಸಾಲೋಟಗಿಗೆ ಹೋಗಿ ಅಡಗಿ ಕುಂತಿದ್ದೇನ? ಓಣಿ ಹೆಂಗಸರೆಲ್ಲಾ ನಿನ್ನ ಮಾತ ಆಡಾಕತ್ತಾರ.”

“ನಂದೇನ ಮಾತ?”

“ಹೌದ ಮತ್ತ! ನಮ್ಮನಿಯವರು ಬಂದು ಹೇಳಿದ್ರ ನಾ ನಂಬಲಿಲ್ಲ. ನಿನ್ನ ಗಂಡ ತೀರಿದ ವರ್ಷ ತೊಟ್ಟಲ ನಿನ್ನ ಹೆಸರಿಗೆ ಮಾಡಸಾಕ ಕಚೇರಿಗೆ ಹೋದಾಗ, ಗಂಡನ ಹೆಸರ ಏನಂದ್ರ ನೀ ಕಂಬ ನಿಂತಂಗ ನಿಂತಿದ್ದಿ. ಕಡೀಕ ನಮ್ಮನಿಯವರ ಹೇಳಿದ್ರು. ಈ ಸಲಾನೂ ತಾವ ಹೇಳಬೇಕಂತ ಮುಂದ ಬಂದ್ರಂತ, ಅಷ್ಟರಾಗ ನೀ ಸಾಹೇಬನ ಮುಂದ ಟಣ್ಣಂತ ಹೆಸರ ತಗದ್ಯಂತ! ಖರೇನ?”

ರೊಟ್ಟಿ ಬಡಿಯುವ ಸದ್ದು ನಿಂತಿತು.

ಜೋಹರಾಬಿಯ ಮುಖ ನಿಧಾನವಾಗಿ ಒಲೆಯ ಕಡೆ, ಸದ್ದು ನಿಂತ ಕಡೆ ತಿರುಗಿತು. ಆಮೇಲೆ ಹುಚ್ಚವ್ವನ ಕಡೆ ಬಂತು.

“ಹೌದ ಹುಚ್ಚವ್ವಾ, ಹೇಳಿದೆ. ವಯಸ್ಸಾತು. ನಾಲಿಗಿ ಹಿಡಿತ ತಪ್ಪತು.”

“ಹಂಗಾರ ಇನ್ನ ಹೊಲಿಗ್ಯಾನ್ನೂ ಹೆಸರ ಹಿಡಿದ ಕರಿ, ಪಾಪ, ಅಂವಗರೆ ಖುಷಿ ಆಗಲಿ” ಎಂದು ಹುಚ್ಚವ್ವ ಹೊಟ್ಟೆ ಹಿಡಿದು ನಕ್ಕಳು. ಜೋಹರಾಬಿಯೂ ನಕ್ಕಳು. ಆ ನಗುವಿನಲ್ಲಿ ಹಲ್ಲು ಮಾತ್ರ ಇತ್ತು. ಹುಚ್ಚವ್ವ ಹೋದ ಮೇಲೆ ಅವಳು ಆಡಿದ್ದು ಒಂದೇ ಮಾತು: “ರೊಟ್ಟಿ ಹೊತ್ತಾಕತೈತಿ ನೋಡವಾ.”

ಸಾಬೀರಾ ರೊಟ್ಟಿ ತಿರುವಿ ಹಾಕಿದಳು. ಮಾವನ ಹೆಸರು ಹೇಳಲು ಸೊಸೆಯ ನಾಲಗೆಯನ್ನು ಪಳಗಿಸಿದ್ದಳು. ಆ ಹೆಸರನ್ನು ಹೆಂಡತಿಯಾದ ಅತ್ತೆ ಅದಕ್ಕಿಂತ ಬಿಗಿಯಾಗಿ ಬಾಯಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ ಎಂಬುದೊಂದು ಹೊಳೆದಿರಲಿಲ್ಲ, ದಿನಾ ಬೆಳಗಾದರೆ ಹೊಲಿಗ್ಯಾ ಎಂಬ ಕೂಗು ಕೇಳುತ್ತಿದ್ದರೂ. ಒಂದು ಜೀವಮಾನ ಕಾಪಾಡಿದ ಹೆಸರನ್ನು ಕಳೆದವಳು ತಾನು. ನಗೆಗೀಡಾದವಳು ಅತ್ತೆ, ಅದೂ ಸೊಸೆಯನ್ನು ಉಳಿಸಲು. ಬಯಲಿನಿಂದ ಮಕ್ಕಳ ಕೇಕೆ ಇನ್ನೂ ಕೇಳುತ್ತಿತ್ತು, ಕೇಳಲಾಗಲಿಲ್ಲ. ನಾಳೆ ಕಚೇರಿ ತೆರೆದಾಗ ತಾನು ತನ್ನ ಬುರ್ಖಾದಲ್ಲೇ ಹೋಗಿ, ಸಾಹೇಬನ ಮುಂದೆ ಮುಖದ ಜಾಳಿಗೆ ಎತ್ತಿ ನಡೆದದ್ದು ಹೇಳಬೇಕು. ತೊಟ್ಟಿಲು ಬಾಗಿಲಾದರೆ ಆಗಲಿ. ಈ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಕೈಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಮತ್ತೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. ಸಾಹೇಬ ಗಂಡನ ಹೆಸರು ಕೇಳಿದರೆ, ಅತ್ತೆಯ ಹಾಗೆ ಸುಮ್ಮನೆ ತಲೆ ತಗ್ಗಿಸಿ, ಅವನೇ ಹೇಳಲಿ ಎಂದು ಸಿದ್ರಾಮನ ಕಡೆ ನೋಡಬೇಕು ಅಂದುಕೊಂಡಳು.