ಹದಿನೇಳರ ಬಲಗೈ

ಬೈಕು ಅವನನ್ನು ಕೊಡವಿ ಎಸೆಯಿತು.

ಮೊದಲು ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಮರುಕ್ಷಣವೇ ರಸ್ತೆಯನ್ನು ಕಚ್ಚಿ ಹಿಡಿಯಿತು. ಅಷ್ಟೇ... ಅವನು ಸೀಟಿನಿಂದ ಮೇಲೆದ್ದು, ಏನೋ ಮರೆತವನಂತೆ ಗಾಳಿಯಲ್ಲಿ ಒಂದು ಗಳಿಗೆ ನಿಂತು, ತಿರುವಿನಾಚೆಯ ಜಲ್ಲಿಯ ಮೇಲೆ ಬಿದ್ದು ಉರುಳತೊಡಗಿದ.

ರೇಸ್ ಟ್ರ್ಯಾಕಿನ ಪಕ್ಕ, ತಂಡದವರು ಬೈಕು ಸಜ್ಜುಮಾಡುವ ಪಿಟ್‌ನ ಪುಟ್ಟ ಟಿವಿಯಲ್ಲಿ ಅವಳು ಅದನ್ನು ನೋಡಿದಳು. ಕೈಯಲ್ಲಿದ್ದ ಕಾಫಿ ವಾಲಿ ಮೇಜಿನ ಮೇಲೆ ಚೆಲ್ಲುತ್ತಿದ್ದದ್ದು ಗೊತ್ತೇ ಆಗಲಿಲ್ಲ.

'ಏಳೋ... ಒಂದು ಕೈಯಾದ್ರೂ ಅಲ್ಲಾಡಿಸೋ...'

ಅವನು ಎದ್ದು ಕೂತ. ಅವಳಿಗೆ ಉಸಿರು ವಾಪಸು ಬಂತು.

"ಎದ್ದ! ಎದ್ದ ಕಣೇ!" ಮಾವ ಕೂಗಿದರು. ಅವಳ ತಾಯಿಯ ತಮ್ಮ, ಈ ರೇಸಿಂಗ್ ತಂಡದ ಯಜಮಾನರು. "ಅಯ್ಯೋ, ಬೈಕಿನ ಗತಿ ಏನಾಯ್ತೋ..."

"ಮಾವ!"

"ಅಲ್ವೇ, ಅವನ ಮೂಳೆ ತಾನಾಗೇ ಕೂಡ್ಕೊಳ್ಳುತ್ತೆ. ಬೈಕಿಂದು ಕೂಡುತ್ತಾ?"

ಅವನು ಪಿಟ್‌ಗೆ ನಡೆದೇ ಬಂದ. ಚರ್ಮದ ಸೂಟಿನ ಭುಜ ಹರಿದಿತ್ತು, ಹೆಲ್ಮೆಟ್ಟಿನೊಳಗೆ ದೂಳು. ಎರಡು ವರ್ಷದ ಮೇಲೆ ಅವನು ಅವಳೆದುರು ನಿಂತಿದ್ದ. ಬೆಳಿಗ್ಗೆ ಬಂದವನು ಮೆಕ್ಯಾನಿಕ್‌ಗಳನ್ನೆಲ್ಲ ತಬ್ಬಿಕೊಂಡಿದ್ದ, ಅವಳ ಕಡೆ ಮಾತ್ರ ತಿರುಗಿರಲಿಲ್ಲ. ಈಗ ಮಾತಾಡಿದ.

"ಹಿಂದಿನ ಟಯರ್ ತಣ್ಣಗಿತ್ತು, ಅದಕ್ಕೇ ಜಾರಿತು! ಅದರ ಬಿಸಿ ಹೊದಿಕೆ ಯಾವಾಗ ತೆಗೆಸಿದೆ ನೀನು?"

ಎಲ್ಲರೂ ತಿರುಗಿ ನೋಡಿದರು.

ಎರಡು ವರ್ಷ ಅವಳು ಈ ಗಳಿಗೆಯನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟಿದ್ದಳು. 'ಹೇಗಿದ್ದೀಯ?' ಅನ್ನುತ್ತಾನೆ. ಇಲ್ಲ, ಸುಮ್ಮನೆ ನಗುತ್ತಾನೆ. ಇಲ್ಲ, 'ಇನ್ನೂ ಅದೇ ಹಾಳು ಕಾಫೀನಾ?' ಅನ್ನುತ್ತಾನೆ... ಟಯರಿನ ಮಾತು ಆ ಪಟ್ಟಿಯಲ್ಲಿ ಇರಲೇ ಇಲ್ಲ.

"ನೋಡ್ತೀನಿ," ಎಂದಷ್ಟೇ ಹೇಳಿ ಕಂಪ್ಯೂಟರಿನ ಕಡೆ ತಿರುಗಿದಳು. ಕಣ್ಣು ತುಂಬಿದ್ದು ಪರದೆಗೆ ಮಾತ್ರ ಕಾಣಿಸಿತು.

ಅವಳ ಕೆಲಸ ಅದೇ. ಬೈಕಿನ ಮೈಯಲ್ಲಿ ಅಲ್ಲಲ್ಲಿ ಅಂಟಿಸಿದ ಸೆನ್ಸರ್‌ಗಳು ಪ್ರತಿ ಸುತ್ತನ್ನೂ ಗೀಟುಗಳಾಗಿ ಬರೆದಿಡುತ್ತವೆ. ಬ್ರೇಕಿಗೊಂದು, ವೇಗಕ್ಕೊಂದು, ಬಲಗೈ ತಿರುಚುವ ಥ್ರಾಟಲಿಗೊಂದು. ದಿನವಿಡೀ ಅವನ್ನು ಓದುತ್ತ ಕೂರುವ ಅವಳಿಗೆ ತಂಡದವರು ಇಟ್ಟ ಹೆಸರು ಗೀಟು. ಅವನನ್ನಂತೂ ಬೈಕಿನ ನಂಬರಿನಿಂದಲೇ ಕರೆಯುತ್ತಿದ್ದರು: ಹದಿನೇಳು.

ಗೀಟು, ಹದಿನೇಳು. ಒಂದು ಕಾಲದಲ್ಲಿ ಈ ಎರಡು ಹೆಸರು ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಎರಡು ವರ್ಷದ ಹಿಂದೆ ಅವನು ದೇಶದ ಸೂಪರ್‌ಬೈಕ್ ಚಾಂಪಿಯನ್ ಆದ. ಅದರ ಬೆನ್ನಿಗೇ ವಿಶ್ವ ಚಾಂಪಿಯನ್‌ಶಿಪ್ಪಿನ ತಂಡವೊಂದು ಕರೆಯಿತು. "ಹೋಗು," ಎಂದಳು ಅವಳು. "ಸರಿ," ಎಂದ ಅವನು. ಪ್ರೀತಿಯ ಮಾತು ಇಬ್ಬರೂ ಆಡಿರಲಿಲ್ಲ. ಆಡದೇ ಇದ್ದದ್ದು ಇನ್ನೂ ಗಟ್ಟಿಯಾಗಿರುತ್ತದೆ ಅಂದುಕೊಂಡಿದ್ದಳು, ಹುಚ್ಚಿ!

ಅಂದಿನಿಂದ ಟಯರ್ ಅಂಗಡಿಯ ಮೇಲಿನ ಅವಳ ಬಾಡಿಗೆ ಕೋಣೆಯಲ್ಲಿ ಒಂದೇ ಕುರ್ಚಿ, ಒಂದೇ ತಟ್ಟೆ, ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ವಿಶ್ವ ರೇಸು. ಹನ್ನೆರಡನೇ ಸ್ಥಾನದವನನ್ನು ಕ್ಯಾಮೆರಾ ತೋರಿಸುವುದಿಲ್ಲ. ಪರದೆಯ ಅಂಚಿನ ಪಟ್ಟಿಯಲ್ಲಿ ಒಂದು ಅಂಕಿ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಅವಳ ಪಾಲಿಗೆ ಅವನು ಅಷ್ಟೇ ಆಗಿದ್ದ. ಅದೂ ಅವನ ಅಂಕಿಯಲ್ಲ. ಅಲ್ಲಿ ಹದಿನೇಳು ಬೇರೆ ಯಾರದ್ದೋ ಆಗಿತ್ತು, ಇವನಿಗೆ ಎಪ್ಪತ್ತೊಂದು ಸಿಕ್ಕಿತ್ತು.

ಈ ಟ್ರ್ಯಾಕಿನಲ್ಲೇ ವರ್ಷಕ್ಕೊಮ್ಮೆ ವಿಶ್ವ ರೇಸೂ ನಡೆಯುತ್ತಿತ್ತು. ಅವನು ಬಂದು ಹೋಗುತ್ತಿದ್ದ, ಅವಳ ಹತ್ತಿರ ಬರುತ್ತಿರಲಿಲ್ಲ; ಅವಳೂ ಅತ್ತ ಹೋಗುತ್ತಿರಲಿಲ್ಲ. ಆಗ ಎರಡೂ ಚಾಂಪಿಯನ್‌ಶಿಪ್ಪುಗಳ ಸಮಯವನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ಅದೇ ರಸ್ತೆ, ಅದೇ ತಿರುವು. ವಿಶ್ವದವರು ಇಲ್ಲಿನವರಿಗಿಂತ ಸುತ್ತಿಗೆ ಒಂದೂವರೆ ಸೆಕೆಂಡ್ ಮುಂದೆ. 'ಒಂದೂವರೆ ಸೆಕೆಂಡಿಗೆ ಇಷ್ಟು ದೂರ ಹೋಗ್ಬೇಕಾ?' ಎಂದು ಖಾಲಿ ಕೋಣೆಯನ್ನು ಕೇಳುತ್ತಿದ್ದಳು.

ಮೊನ್ನೆ ಅವನ ಒಪ್ಪಂದ ಮುಗಿದಿತ್ತು. ಆ ತಂಡ ಮತ್ತೆ ಕರೆದಿರಲಿಲ್ಲ. ಇತ್ತ ಮಾವನ ಸವಾರ ಕಾಲು ಮುರಿದುಕೊಂಡಿದ್ದ. ದೇಶದ ಚಾಂಪಿಯನ್‌ಶಿಪ್ಪಿನ ಕೊನೆಯ ರೇಸಿಗೆ ಮಾವ ಹದಿನೇಳನ್ನು ಕರೆಸಿದ್ದರು.

ಬಂದ ಮೊದಲ ದಿನದ ಅಭ್ಯಾಸದಲ್ಲೇ ಹೀಗೆ.

ಅವಳು ಗೀಟು ಓದಿದಳು. ಒಮ್ಮೆ, ಇನ್ನೊಮ್ಮೆ...

ಟಯರ್ ಬಿಸಿಯಾಗೇ ಇತ್ತು.

ಸಂಜೆ ಮೆಕ್ಯಾನಿಕ್‌ಗಳು ಊಟಕ್ಕೆ ಹೋದರು. ಅವನು ಲಾರಿಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಭುಜಕ್ಕೆ ಐಸ್ ಒತ್ತಿಕೊಂಡಿದ್ದ. ಅವಳು ಎದುರು ನಿಂತಳು.

"ಟಯರ್ ಸರಿಯಾಗಿತ್ತು."

"ಮತ್ತೆ?"

"ನಿನ್ನ ಕೈ ಸರಿಯಿರ್ಲಿಲ್ಲ. ಮೂರನೇ ತಿರುವಲ್ಲಿ ಬೈಕು ಇನ್ನೂ ಪೂರ್ತಿ ವಾಲಿದೆ, ನೀನು ಥ್ರಾಟಲ್ ಪೂರ್ತಿ ತಿರುಚಿಬಿಟ್ಟಿದ್ದೀಯ. ಯಾರಾದ್ರೂ ಹಾಗೆ ಮಾಡ್ತಾರಾ?"

"ಅಲ್ಲಿ ಎಲ್ರೂ..." ಎಂದವನು ಅಲ್ಲೇ ನಿಲ್ಲಿಸಿದ.

ಅವನಿಗೂ ಹೊಳೆಯಿತು. ಅಲ್ಲಿ, ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ, ಚಕ್ರ ಜಾರುವ ಮೊದಲೇ ಬೈಕಿನ ಕಂಪ್ಯೂಟರ್ ಎಂಜಿನ್ನನ್ನು ಅದುಮಿ ಹಿಡಿಯುತ್ತದೆ. ಸವಾರ ಎಷ್ಟೇ ತಿರುಚಲಿ, ಕೊಡಬೇಕಾದ್ದನ್ನಷ್ಟೇ ಕೊಡುತ್ತದೆ. ಇಲ್ಲಿನ ನಿಯಮದಲ್ಲಿ ಆ ಸವಲತ್ತು ಇಲ್ಲ. ಎಲ್ಲರಿಗೂ ಒಂದೇ ಬಡ ಕಂಪ್ಯೂಟರ್ ಪೆಟ್ಟಿಗೆ. ಜಾರುವುದನ್ನು ಹಿಡಿಯಬೇಕಾದದ್ದು ಸವಾರನ ಬಲಗೈಯೇ.

ಈ ಟ್ರ್ಯಾಕಿನಲ್ಲಿ ಹುಟ್ಟಿ ಬೆಳೆದಂತಿದ್ದ ಕೈ, ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತಿತ್ತು.

ಅವನು ಐಸಿನ ಚೀಲವನ್ನು ಭುಜದಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

"ಎಲ್ರ ಮುಂದೆ ಕೂಗಾಡಿದೆ. ತಪ್ಪಾಯ್ತು."

"ಹೂಂ."

"ಯಜಮಾನ್ರಿಗೆ ಹೇಳಿದ್ಯಾ?"

"ಅವರು ಬೈಕಿನ ಪಕ್ಕ ಕೂತು ಅಳ್ತಿದ್ದಾರೆ. ಯಾರ ಮಾತೂ ಕಿವಿಗೆ ಬೀಳ್ತಿಲ್ಲ."

ಅವನು ನಕ್ಕ. ನಕ್ಕಿದ್ದಕ್ಕೆ ಭುಜ ನೋಯಿತು. ಆಮೇಲೆ, ಐಸಿನ ಚೀಲದ ಕಡೆ ನೋಡುತ್ತಲೇ ಹೇಳತೊಡಗಿದ.

"ಅಲ್ಲಿ ಪ್ರತಿ ರೇಸಿಗೂ ಬೇರೆ ದೇಶ ಕಣೇ. ಹೋಟೆಲ್ ಕೋಣೆ ಮಾತ್ರ ಒಂದೇ. ನನ್ನ ಬೈಕಿನ ಸುತ್ತ ಹತ್ತಾರು ಜನ, ಎಲ್ರಿಗೂ ಒಂದೊಂದು ಕಂಪ್ಯೂಟರ್. ನಾನು ಬಂದು ಇಳಿದ ತಕ್ಷಣ ಬೈಕಿಗೆ ವೈರ್ ಚುಚ್ಚಿ ಏನಾಯ್ತು ಅಂತ ಅದನ್ನೇ ಕೇಳ್ತಿದ್ರು. ನನ್ನನ್ನಲ್ಲ. ಹೇಳೋಕೆ ಹೋದ್ರೆ 'ಇಲ್ಲ, ಇಲ್ಲಿ ಹಾಗೆ ಕಾಣಿಸ್ತಿಲ್ಲ' ಅಂತಿದ್ರು. ನನ್ನ ಕೈನ ಯಾರೂ ನಂಬ್ತಿರ್ಲಿಲ್ಲ. ಕೊನೆಗೆ ನಾನೂ ನಂಬೋದು ಬಿಟ್ಟೆ."

"ಫೋನ್ ಮಾಡ್ಬಹುದಿತ್ತು."

"ಯಾರಿಗೆ? ನನ್ನನ್ನ ಸಾಗಹಾಕಿದವಳಿಗಾ?"

ಅವಳು ಬೆಚ್ಚಿದಳು. "ಏನಂದೆ?"

"ಅಲ್ಲಿಗೆ ಹೋದ ಮೊದಲ ದಿನವೇ ನನ್ನ ಹಳೇ ಗೀಟುಗಳನ್ನ ದೊಡ್ಡ ಪರದೆ ಮೇಲೆ ತೋರಿಸಿದ್ರು. ಇಲ್ಲಿಂದ ಕಳಿಸಿದ್ದು. ಕಳಿಸಿದವಳು ನೀನು! ಕರೆ ತಾನಾಗೇ ಬಂತು ಅಂದ್ಕೊಂಡಿದ್ದೆ. ನೋಡಿದ್ರೆ ನೀನೇ ನನ್ನನ್ನ ಕಟ್ಟಿ ಪಾರ್ಸೆಲ್ ಮಾಡಿದ್ದೆ. ಬೇಡವಾದವನನ್ನ ಮರ್ಯಾದೆಯಾಗಿ ಕಳಿಸೋದು ಹೀಗೇನಾ ಅನ್ಕೊಂಡೆ."

ಎರಡು ವರ್ಷ! ಆ ಹೋಟೆಲ್ ಕೋಣೆಗಳಲ್ಲಿ ಇವನು ಇದನ್ನೇ ಹೊದ್ದು ಮಲಗಿದ್ದನೇ? ಅವಳಿಗೆ ಸಿಟ್ಟು ಬಂತು, ಅಳು ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ.

"ದಡ್ಡ! ಶತದಡ್ಡ! ನಿನ್ನ ಗೀಟುಗಳಷ್ಟು ಚಂದದ್ದು ನಾನು ನೋಡೇ ಇರ್ಲಿಲ್ಲ. ನಾನೊಬ್ಬಳೇ ನೋಡ್ತಾ ಕೂತಿದ್ರೆ ಅನ್ಯಾಯ ಅನ್ನಿಸ್ತು. ಚಿಕ್ಕಂದಿನಿಂದ ನಿನಗೆ ವಿಶ್ವ ಚಾಂಪಿಯನ್‌ಶಿಪ್ಪಿನದೇ ಕನಸು. ಅದಕ್ಕೇ ಕಳಿಸಿದೆ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡೆ. ಕೇಳ್ಬೇಕಿದ್ರೆ ಮಾವನ್ನ ಕೇಳು, ಎಷ್ಟು ದಿನ ಕೆಲಸಕ್ಕೆ ಬರ್ಲಿಲ್ಲ ಅಂತ."

"ಹೇಳಿದ್ರೆ ಏನಾಗ್ತಿತ್ತು?"

"ನೀನು ಕೇಳಿದ್ರೆ ಏನಾಗ್ತಿತ್ತು?"

ಅವನು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದ.

ಅವಳು ಕಣ್ಣೊರೆಸಿಕೊಂಡು ಅವನ ಪಕ್ಕ ಕೂತಳು. "ಸರಿ. ಕಣ್ಣು ಮುಚ್ಚು. ಸುತ್ತು ಹೇಳು."

ಅದು ಅವರಿಬ್ಬರ ಹಳೆಯ ರೀತಿ. ಇಲ್ಲಿನ ಬೈಕಿನಲ್ಲಿ ಸೆನ್ಸರ್ ಕಡಿಮೆ. ಗೀಟು ಹೇಳದ್ದನ್ನು ಸವಾರನ ಬಾಯಿಂದಲೇ ಕೇಳಬೇಕು. ಅವನು ಕಣ್ಣು ಮುಚ್ಚಿ, ಕೂತಲ್ಲೇ ಇಡೀ ಟ್ರ್ಯಾಕನ್ನು ಒಂದು ಸುತ್ತು ಓಡಿಸುತ್ತ ಬಾಯಲ್ಲಿ ಹೇಳುತ್ತ ಹೋಗುತ್ತಿದ್ದ. ಅವಳು ನಡುನಡುವೆ ಕೇಳುತ್ತಿದ್ದಳು.

"ನೇರ ರಸ್ತೆ... ಬ್ರೇಕು... ಒಂದನೇ ತಿರುವು, ಎಡಕ್ಕೆ."

"ಎಲ್ಲಿ ಹೆದರಿದೆ?"

"ಇಲ್ಲಲ್ಲ. ಎರಡರಲ್ಲಿ. ರಸ್ತೆ ಸ್ವಲ್ಪ ಉಬ್ಬಿದೆ ಅಲ್ಲಿ... ಈಗ ಮೂರು. ಬಲಕ್ಕೆ ವಾಲಿದೀನಿ... ಪೂರ್ತಿ..."

ಅವನ ಬಲ ಮುಂಗೈ ತಾನಾಗೇ ತಿರುಗತೊಡಗಿತು. ಅವಳು ಅದರ ಮೇಲೆ ತನ್ನ ಕೈ ಇಟ್ಟಳು.

"ಈಗಲೇ ಬೇಡ. ಇನ್ನೂ ವಾಲಿದ್ದೀಯ."

"ಈಗ?"

"ಬೇಡ."

"ಈಗ?"

"ಸ್ವಲ್ಪ... ಸ್ವಲ್ಪವೇ..."

ಅವನು ಕಣ್ಣು ತೆರೆಯಲಿಲ್ಲ. ಅವಳು ಕೈ ತೆಗೆಯಲಿಲ್ಲ. ಮೂರನೇ ತಿರುವು ಮುಗಿಯಲು ಬಹಳ ಹೊತ್ತು ಹಿಡಿಯಿತು.

ಮರುದಿನ ರೇಸು.

ಶುರುವಿಗೆ ಸ್ವಲ್ಪ ಮುಂಚೆ ಇಸ್ತ್ರಿ ಮುರಿಯದ ಬಿಳಿ ಅಂಗಿಯವರೊಬ್ಬರು ಪಿಟ್‌ಗೆ ಬಂದರು. ಅವನು ಬಿಟ್ಟು ಬಂದ ವಿಶ್ವ ತಂಡದ ಮ್ಯಾನೇಜರ್. ಮುಂದಿನ ವರ್ಷಕ್ಕೆ ಗೊತ್ತುಮಾಡಿದ್ದ ಸವಾರ ಕೈಕೊಟ್ಟಿದ್ದನಂತೆ. "ನಮ್ಮ ಹುಡುಗನ ಕೈ ಇನ್ನೂ ಓಡುತ್ತಾ ನೋಡೋಣ ಅಂತ ಬಂದೆ," ಎಂದರು.

'ನಮ್ಮ ಹುಡುಗ!' ಅವಳು ಕಂಪ್ಯೂಟರಿನಿಂದ ತಲೆಯೆತ್ತಿ ಅವರನ್ನು ನೋಡಿದಳು. ನಿನ್ನೆಯಷ್ಟೇ ಸಿಕ್ಕವನು...

ಪಿಟ್ ಗೋಡೆಯಿಂದ ಮೂರನೇ ತಿರುವು ಕಾಣುವುದಿಲ್ಲ, ಕೇಳಿಸುತ್ತದೆ. ಅವಳು ಟಿವಿ ಬಿಟ್ಟು ಗೋಡೆಗೆ ಬಂದು ಕಣ್ಣು ಮುಚ್ಚಿ ನಿಂತಳು. ಬೈಕುಗಳು ಒಂದರ ಹಿಂದೊಂದು ಅಬ್ಬರಿಸಿದವು. ಅವುಗಳ ನಡುವೆ ಒಂದು ದನಿ ಏರಿತು... ಅರೆಗಳಿಗೆ ತಡೆಯಿತು... ಮತ್ತೆ ಏರಿತು. ಕಂಪ್ಯೂಟರ್ ಅದುಮಿದರೆ ಎಂಜಿನ್ ತೊದಲುತ್ತದೆ. ಇದು ತೊದಲಲಿಲ್ಲ. ಮನುಷ್ಯನೊಬ್ಬ ಯೋಚಿಸಿದಂತಿತ್ತು.

ಅದು ಅವನ ಕೈ!

ಪ್ರತಿ ಸುತ್ತಿಗೂ ಅವಳು ಅದಕ್ಕಾಗಿ ಕಾದಳು. ಪ್ರತಿ ಸುತ್ತಿಗೂ ಅದು ಬಂತು. ಆರನೆಯವನಾಗಿ ಹೊರಟವನು ಎರಡನೆಯವನಾಗಿ ಗುರಿ ಮುಟ್ಟಿದ. ಮಾವ ಬೈಕಿಗೆ ಮುತ್ತಿಟ್ಟರು. ಆಮೇಲೆ ನೆನಪಾಗಿ ಅವನನ್ನೂ ತಬ್ಬಿಕೊಂಡರು.

ಮ್ಯಾನೇಜರ್ ಅವನನ್ನು ಪಕ್ಕಕ್ಕೆ ಕರೆದೊಯ್ದು ಮಾತಾಡಿದರು. ಅವಳು ದೂರದಿಂದ ನೋಡಿದಳು. ಅವರ ಕೈಗಳು ಆಡುತ್ತಿದ್ದವು, ಅವನ ತಲೆ ತಗ್ಗಿತ್ತು. ಎರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆಗ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಅವನು ಲಾರಿಯ ಹತ್ತಿರ ಬಂದ. ಬೆವರಿನ್ನೂ ಆರಿರಲಿಲ್ಲ.

"ಕರೀತಿದ್ದಾರೆ. ಮತ್ತೆ ಎರಡು ವರ್ಷ."

"ಗೊತ್ತಾಯ್ತು."

"ಏನೂ ಹೇಳಲ್ವಾ?"

"ಹೇಳ್ತೀನಿ. ಈ ಸಲ ಹೇಳೇ ಹೇಳ್ತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ ನೀನು ಬೇಕು. ಗೀಟು ಬೇಡ, ಪರದೆ ಮೇಲಿನ ಅಂಕಿ ಬೇಡ. ನೀನು ಬೇಕು. ಎರಡು ವರ್ಷ ಒಂದೇ ಕುರ್ಚಿ ಇರೋ ಮನೇಲಿ ಇದ್ದು ಸಾಕಾಗಿದೆ ನನಗೆ."

ಅವನ ಮುಖ ಅರಳಿತು. ಕೈಗವಸು ಕಳಚಿ ಲಾರಿಯ ಮೆಟ್ಟಿಲ ಮೇಲಿಟ್ಟ.

"ನನಗೂ ಕಣೇ... ಮೊದಲಿಂದಲೂ. ಹಾಗಾದ್ರೆ ನೀನೇ ಹೇಳ್ಬಿಡು. ಇರು ಅಂದ್ರೆ ಇರ್ತೀನಿ. ಹೋಗು ಅಂದ್ರೆ ಹೋಗ್ತೀನಿ."

"ಅದನ್ನ ಹೇಳಲ್ಲ."

"ಯಾಕೆ?"

"ನೀನು ಜಾರೋ ಮೊದಲೇ ಹಿಡಿಯೋಕೆ ನಾನೇನು ಕಂಪ್ಯೂಟರಾ? ನನ್ನ ಮಾತು ಹೇಳಿಯಾಯ್ತು. ಎಲ್ಲಿ ಓಡಿಸ್ಬೇಕು ಅನ್ನೋದು ನಿನ್ನ ಮಾತು. ಹೋದ್ರೂ ನಾನು ಬಿಡಲ್ಲ. ದಿನಾ ಫೋನ್ ಮಾಡ್ತೀನಿ. ಬೈತೀನಿ."

"ಬೈತೀಯಾ?"

"ಹನ್ನೆರಡನೇ ಸ್ಥಾನ ಬಂದ್ರೆ ಮತ್ತೇನು, ಮುದ್ದು ಮಾಡ್ಬೇಕಾ?"

"ಎರಡನೇದು ಬಂದಿದ್ದೀನಲ್ಲ ಇವತ್ತು?"

ಅವಳು ಅತ್ತ ತಿರುಗಿ ನೆಲದ ಮೇಲಿನ ವೈರು ಸುತ್ತತೊಡಗಿದಳು. ಕೆನ್ನೆ ಬಿಸಿಯಾಗಿತ್ತು. 'ಹೋದರೆ ಹೋಗಲಿ. ಹೇಳಿದ್ದೀನಲ್ಲ... ಹೇಳಿದ್ದೀನಲ್ಲ...'

ಬಿಳಿ ಅಂಗಿ ಹತ್ತಿರ ಬಂತು. ಮ್ಯಾನೇಜರ್ ನಗುತ್ತ ಕೈ ಚಾಚಿದ್ದರು.

"ಏನಪ್ಪಾ, ತೀರ್ಮಾನ ಆಯ್ತಾ? ಇಡೀ ಪ್ರಪಂಚ ನಿನ್ನನ್ನ ನೋಡುತ್ತೆ."

"ನೋಡುತ್ತೆ ಸರ್. ಆದ್ರೆ ನನ್ನನ್ನ ಏನೂ ಕೇಳಲ್ಲ."

ಅವರಿಗೆ ಅರ್ಥವಾಗಲಿಲ್ಲ. "ಏನು ಬೇಕು ಹೇಳು, ಕೊಡಿಸ್ತೀನಿ. ಬೇರೆ ಮೆಕ್ಯಾನಿಕ್? ನಿನ್ನ ಹಳೇ ನಂಬರು? ಈ ಹುಡುಗಿಗೂ ಒಂದು ಪಾಸ್ ಮಾಡಿಸೋಣ, ಅತಿಥಿಗಳ ಗಾಜಿನ ಕೋಣೇಲಿ ಆರಾಮಾಗಿ ಕೂತು ರೇಸ್ ನೋಡ್ಲಿ."

"ಇವಳು ಕೂತು ನೋಡೋಳಲ್ಲ ಸರ್. ನಾನು ಎಲ್ಲಿ ಹೆದರಿದೆ ಅಂತ ಕೇಳೋಳು."

ಹಿಂದಿನಿಂದ ಮಾವನ ಪಿಸುಮಾತು ಎಲ್ಲರಿಗೂ ಕೇಳಿಸಿತು: "ಇವನಿಗೆ ನಿನ್ನೆ ಬಿದ್ದಾಗ ತಲೆಗೂ ಏಟಾಗಿದೆ ಅಂತ ಕಾಣುತ್ತೆ ಕಣೇ..."

ಮ್ಯಾನೇಜರ್ ಚಾಚಿದ ಕೈ ಇನ್ನೂ ಹಾಗೇ ಇತ್ತು. ಈಗ ಅವರು ನಗುತ್ತಿರಲಿಲ್ಲ. "ಯೋಚನೆ ಮಾಡು. ಇಂಥ ಅವಕಾಶ ಇನ್ನೊಂದು ಸಲ ಸಿಗಲ್ಲ."

ಅವಳು ವೈರು ಸುತ್ತುವುದನ್ನು ನಿಲ್ಲಿಸಿದಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಗೊತ್ತು ಸರ್," ಎಂದ ಅವನು. "ನಾನು ಬರಲ್ಲ."