ಅಕ್ಕಿ ಗಿರಣಿಯ ರಾಕೆಟ್

ಆ ಸೋಮವಾರ ಬೆಳಿಗ್ಗೆ ಕಂಪ್ಲಿಯಲ್ಲಿ ಗಾಳಿಯೇ ಇರಲಿಲ್ಲ. ಹೊಳೆಯಿಂದ ಎದ್ದ ಮಂಜು ಗದ್ದೆ ದಾಟಿ ಬಂದು ಶಂಭುಲಿಂಗಪ್ಪನವರ ಅಕ್ಕಿ ಗಿರಣಿಯ ಸುತ್ತ ಕದಲದೆ ನಿಂತಿತ್ತು. ನಿವೃತ್ತ ಹೆಡ್‌ಮೇಡಂ ಗಂಗಾಂಬಿಕಮ್ಮನವರನ್ನು ಹೊಸಪೇಟೆಯಿಂದ ನನ್ನ ಆಟೊದಲ್ಲೇ ಕರೆತಂದಿದ್ದೆ. ಊರೂರಿನ ಕಳವು, ಕಿತಾಪತಿ ಪತ್ತೆಮಾಡಲು ಇಂಥ ಕರೆ ಬಂದಾಗಲೆಲ್ಲ ಅವರ ಜತೆಗಾರ ನಾನೇ.

ಗೇಟಿನಲ್ಲಿ ಪಲ್ಲವಿ ಕಾದಿದ್ದಳು. ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಮೂರು ವರ್ಷದಿಂದ ಸಣ್ಣ ರಾಕೆಟ್ ಎಂಜಿನ್ ಕಟ್ಟುತ್ತಿದ್ದ ಹುಡುಗಿ.

"ಮೇಡಂ, ಹತ್ತಕ್ಕ ಸರ್ಕಾರದ ಸಮಿತಿ ಬರ್ತೈತಿ. ಎಂಜಿನ್ ಉರಿದ್ರ ಅನುದಾನ. ಯಾರೋ ಇಂಧನದ ವಾಲ್ವ್ ಬಿಚ್ಚಿ, ಬಿರುಕು ಬಿಟ್ಟ ಹಳೇದನ್ನ ಕೂಡಿಸ್ಯಾರ. ನಾ ನೋಡ್ಲಿಲ್ಲ ಅಂದಿದ್ರ..."

ಪರೀಕ್ಷೆಯಲ್ಲಿ ಅವಳು ನಿಲ್ಲುವ ಜಾಗ ಎಂಜಿನ್ನಿಗೆ ನಾಲ್ಕೇ ಮಾರು.

ಗಿರಣಿಯೊಳಗೆ ಮೋಟರು, ಬೇರಿಂಗು, ನಿನ್ನೆ ಹಾಕಿದ ಗಾಲಿ ಎಲ್ಲದರ ಮೇಲೂ ಮೂರು ಬೆರಳಿನ ವಿಭೂತಿ ಗೆರೆ. ಶೆಡ್ಡಿನ ಎಂಜಿನ್ ಮಾತ್ರ ಬರಿಮೈ. ಪುಡಿ ಒಳಗೆ ಹೋದೀತೆಂದು ಪಲ್ಲವಿ ಏನನ್ನೂ ಹಚ್ಚಗೊಡುತ್ತಿರಲಿಲ್ಲ. ಮೇಡಂ ಆ ಹಳೇ ವಾಲ್ವಿನ ಮೇಲೆ ಬೆರಳಾಡಿಸಿ, ಬೆಳ್ಳಗಾದ ಬೆರಳ ತುದಿಯನ್ನು ನೋಡಿ, ಸುಮ್ಮನೆ ಕೈ ಒರೆಸಿಕೊಂಡರು.

"ಶೆಡ್ಡಿನ ಕೀಲಿ ಯಾರ ಹತ್ರ ಅದಾವವ್ವ? ಎಲ್ಲಾರನ್ನೂ ಕರಿ."

ಮೂವರು ಬಂದರು. ಸರ್ಕಾರದ ಬಾಹ್ಯಾಕಾಶ ಕೆಲಸದಿಂದ ನಿವೃತ್ತರಾಗಿ ಪಲ್ಲವಿಗೆ ಕಲಿಸುತ್ತಿದ್ದ ಅಂದಾನಪ್ಪ, ಎಂಜಿನ್ ಕೊಳ್ಳಲು ಬಂದು, ಅದನ್ನು ನೋಡಲೆಂದು ಕೀಲಿ ಪಡೆದಿದ್ದ ಖಾಸಗಿ ಕಂಪನಿಯ ಪರಶುರಾಮ್, ಶೆಡ್ಡೂ ಬಂಡವಾಳವೂ ಕೊಟ್ಟಿದ್ದ ಶಂಭುಲಿಂಗಪ್ಪ. ಬಂದವರೇ ಮೊದಲಿಬ್ಬರು ಜಗಳಕ್ಕಿಳಿದರು.

"ಈ ಕಂಪನಿಯವಂದೇ ಕೆಲಸ," ಅಂದಾನಪ್ಪ ಗುಡುಗಿದರು. "ಅನುದಾನ ತಪ್ಪಿದ್ರ ಎಂಜಿನ್ ಅವನಿಗೇ ಸಿಗ್ತೈತಿ. ಸರ್ಕಾರ ಸೋತ್ರ ಇನ್ನೊಮ್ಮಿ ಹಾರಿಸ್ತೈತಿ. ಲಾಭ ನೋಡೋನು ಒಂದ ಸಲ ಸೋತ್ರ ಅಂಗಡಿ ಮುಚ್ಚತಾನ."

"ನಿಮ್ಮ ಫೈಲು ಒಂದು ಟೇಬಲ್ ದಾಟೋದ್ರಾಗ ನಮ್ಮ ರಾಕೆಟ್ ವಾಪಸ್ ಬಂದಿರ್ತೈತ್ರಿ!" ಎಂದ ಪರಶುರಾಮ್.

ಮೇಡಂ ಕೈ ಎತ್ತಿ ಇಬ್ಬರನ್ನೂ ತಡೆದರು.

"ಹಳೇ ವಾಲ್ವಿನ ಮ್ಯಾಲ ವಿಭೂತಿ ಐತಿ," ಮೇಡಂ ಶಾಂತವಾಗಿ ಹೇಳಿದರು. "ಪಲ್ಲವಿ ಹಚ್ಚಂಗಿಲ್ಲ. ಯಂತ್ರಕ್ಕ ಪೂಜಿ ಅಂದ್ರ ಅಂದಾನಪ್ಪನೋರಿಗೆ ಸಿಟ್ಟಂತ ಅಕಿನೇ ಹೇಳ್ಯಾಳ. ಪರಶುರಾಮ್ ಗ್ರೀಸ್ ಹತ್ತೀತಂತ ಎಂಜಿನ್ ಮುಟ್ಟಿದವನೇ ಅಲ್ಲಂತ. ಯಾವ ಭಾಗ ಕೂಡಿಸಿದ್ರೂ ಕೂಡ್ಲೇ ವಿಭೂತಿ ಹಚ್ಚೋ ಕೈ ಈ ಗಿರಣಿಯಾಗ ಒಂದೇ. ಪಾಪದ ಕೆಲಸದಾಗೂ ಅದು ರೂಢಿ ಮರೀಲಿಲ್ರಿ, ಶಂಭುಲಿಂಗಪ್ಪ."

ಶಂಭುಲಿಂಗಪ್ಪ ಬಾಯಿ ಬಿಟ್ಟರು. "ಸರ್ಕಾರ ಅನುದಾನ ಕೊಟ್ರ ಎಂಜಿನ್ ದೇಶದ್ದಾಕೈತಿ. ನನಗೇನು ಉಳೀತೈತ್ರಿ? ಕಂಪನಿ ಪಾಲು ಕೊಡ್ತೀನಂದಿತ್ತು. ಇಂಧನ ಸೋರಿ ಪರೀಕ್ಷೆ ನಿಂತೀತು ಅಂದ್ಕೊಂಡಿದ್ದೆ."

"ಸೋರಂಗಿಲ್ರಿ, ಸಿಡೀತೈತಿ. ಈ ಕೂಸು ಪಕ್ಕದಾಗ ನಿಂತಿರ್ತಿತ್ತು," ಎಂದರು ಮೇಡಂ.

ಶಂಭುಲಿಂಗಪ್ಪನವರ ಮುಖ ಬೂದಿಬಣ್ಣಕ್ಕೆ ತಿರುಗಿತು. ಗಿರಣಿಯ ದೇವರ ಗೂಡಿನೊಳಗೆ ಕೈಹಾಕಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು; ಒಳಗೆ ಎಂಜಿನ್ನಿನ ಒಳ್ಳೇ ವಾಲ್ವಿತ್ತು. ಅದನ್ನು ಹಣೆಗೆ ಒತ್ತಿಕೊಳ್ಳಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಬೆರಳಿನ ವಿಭೂತಿಯನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ವಾಲ್ವನ್ನು ಪಲ್ಲವಿಯ ಅಂಗೈಯಲ್ಲಿಟ್ಟರು.