ಹದಿನಾಲ್ಕು ಗಂಟೆಯ ದೂರ

ಬೆಳಿಗ್ಗೆ ಹತ್ತಕ್ಕೆ ಬಂದ ದೂರು ಕೇಳಿ ಮೀಸೆ ಪೇದೆ ನಗು ತಡೆಯಲು ಪರದಾಡಿದ. ಹಿಂದಿನ ದಿನ ಕಳುವಾಗಿದ್ದು ಮಗಳ ತಲೆದಿಂಬು! ಆದರೆ ಅದರ ಹತ್ತಿಯೊಳಗೆ ತಾಯಿ ನಾಲ್ಕು ಚಿನ್ನದ ಬಳೆ ಬಚ್ಚಿಟ್ಟಿದ್ದಳು. ಎಫ್‌ಐಆರ್ ಆಯಿತು.

ಬೀಗ ಮುರಿದಿರಲಿಲ್ಲ. ಬಳೆಯ ಗುಟ್ಟು ಗೊತ್ತಿದ್ದದ್ದು ದಿಂಬು ಹೊಲಿದ ಮನೆಕೆಲಸದಾಕೆಗೆ ಮಾತ್ರ. ಠಾಣೆಯ ಬೆಂಚಿನ ಮೇಲೆ ಅವಳು ಅತ್ತೂ ಅತ್ತೂ ಸೋತಿದ್ದಳು.

"ಬಳೆ ಬೇಕಿದ್ದವಳು ಹೊಲಿಗೆ ಬಿಚ್ಚಿ ಬಳೆ ತೆಗೀತಿದ್ಲು. ದಿಂಬು ಯಾಕಯ್ಯಾ ಹೊತ್ಕೊಂಡು ಹೋಗ್ತಾಳೆ?" ಎಂದರು ಇನ್ಸ್‌ಪೆಕ್ಟರ್.

ಇನ್ನೊಂದು ಕೀಲಿ ಇದ್ದದ್ದು ಮೂರು ತಿಂಗಳ ಹಿಂದೆ ದೂರದೇಶಕ್ಕೆ ದುಡಿಯಲು ಹೋದ ಗಂಡನ ಬಳಿ. ಹೆಂಡತಿ ಕೊಟ್ಟ ನಂಬರಿಗೆ ಕರೆ ಹೋಯಿತು.

"ಕೀಲಿ?"

"ನನ್ ಹತ್ರಾನೇ ಇದೆ ಸಾರ್. ಆದ್ರೆ ವಿಮಾನ ಹತ್ತಿದ್ರೂ ನಾನಿರೋದು ಹದಿನಾಲ್ಕು ಗಂಟೆ ದೂರ."

ಇನ್ಸ್‌ಪೆಕ್ಟರ್ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆಸೆ ತಡೆಯಲಾಗಲಿಲ್ಲ. "ಕಿಟಕಿಯಿಂದ ಏನ್ರೀ ಕಾಣುತ್ತೆ?"

"ಹೊರಟಾಗಿಂದ ಇಳಿಯೋವರೆಗೂ ಸಮುದ್ರ ಸಾರ್. ಬರೀ ನೀಲಿ."

ಆ ನೀಲಿ ಅವರ ಕಣ್ಣಲ್ಲೇ ಉಳಿಯಿತು. ಮೇಜಿನ ಮೇಲಿದ್ದ ಭೂಗೋಳಕ್ಕೆ, ಎರಡು ಊರುಗಳ ನಡುವೆ, ದಾರ ಹಿಡಿದು ಬಿಗಿಯಾಗಿ ಎಳೆದರು. ದಾರ ಸಮುದ್ರ ಬಿಟ್ಟು ಮೇಲಕ್ಕೆ ಸರಿದು ಬೆಳ್ಳನೆಯ ಹಿಮದ ಮೇಲೆ ಕೂತಿತು. ಆ ಬಿಳುಪಿನ ಮೇಲೆ ತಾವೇ ತೇಲಿದಂತೆ ಸ್ವಲ್ಪ ಹೊತ್ತು ಮೈಮರೆತರು. ವಿಮಾನ ಕಂಪನಿಯವರೂ ಹೇಳಿದರು: "ಅದೇ ಹತ್ತಿರದ ದಾರಿ ಸಾರ್. ಅರ್ಧ ದಾರಿ ಬರೀ ಮಂಜುಗಡ್ಡೆ."

ಆ ವಿಮಾನದಲ್ಲಿ ಹೋದವನಿಗೆ ದಾರಿಯುದ್ದಕ್ಕೂ ನೀಲಿ ಕಂಡಿರಲಾರದು. ಆ ಫೋನು ಯಾವ ಟವರಿನಡಿ ಇದೆಯೆಂದು ವಿಚಾರಿಸಿದರೆ, ಇದೇ ಊರಿನ ಆಚೆ ತುದಿ.

ಮಧ್ಯಾಹ್ನ ಮೂರೂವರೆಗೆ ಸಾಕ್ಷಿಗಾಗಿ ಕರೆತಂದ ಪಂಚರೊಂದಿಗೆ ಅಲ್ಲಿನ ಒಂದು ಬಾಡಿಗೆ ಕೋಣೆ ಹೊಕ್ಕರು. ಕಿಟಕಿಗೆ ಕಪ್ಪು ಬಟ್ಟೆ. ಗಡಿಯಾರದಲ್ಲಿ ಒಂದು ಗಂಟೆ, ಆ ದೂರದೂರಿನ ನಡುರಾತ್ರಿ. ಗೋಡೆಯ ನಕ್ಷೆಯಲ್ಲಿ ಸಮುದ್ರದ ಮೇಲೆ ನೆಟ್ಟಗೆ ಎಳೆದ ಪೆನ್ಸಿಲ್ ಗೆರೆ. ಗಂಡ ದಿಂಬು ಅಪ್ಪಿಕೊಂಡು ಮಲಗಿದ್ದ.

"ಬಳೆ ಎಲ್ಲಿ?"

"ಯಾವ ಬಳೆ ಸಾರ್?"

ಪಂಚರೆದುರು ಹೊಲಿಗೆ ಬಿಚ್ಚಿದಾಗ ನಾಲ್ಕೂ ಬಳೆ ಝಣ್ಣೆಂದು ಬಿದ್ದವು. ಅವನು ಬೆಪ್ಪಾಗಿ ನೋಡಿದ.

"ಕೆಲಸ ಕೊಡಿಸ್ತೀನಿ ಅಂದವನು ಕೈಕೊಟ್ಟ ಸಾರ್. ಏರ್‌ಪೋರ್ಟಲ್ಲೇ ಗೊತ್ತಾಯ್ತು, ಟಿಕೆಟ್ಟೇ ಸುಳ್ಳು ಅಂತ. ಟಾಟಾ ಮಾಡಿ ಕಳಿಸಿದ ಮಗಳಿಗೆ ಯಾವ ಮುಖ ತೋರಿಸ್ಲಿ? ಅಲ್ಲಿನ ಟೈಮಿಗೇ ಎದ್ದು ಮಲಗ್ತಿದ್ದೆ, ಫೋನಲ್ಲಿ ಸಿಕ್ಕಿಬೀಳಬಾರದು ಅಂತ. ಆದ್ರೆ ಹಗಲು ನಿದ್ದೆ ಬರಲಿಲ್ಲ. ಇದ್ರಲ್ಲಿ ಅವಳ ತಲೆ ವಾಸನೆ ಇದೆ."

ಬಂಧನ ದಾಖಲಾಯಿತು. ಮನೆಕೆಲಸದಾಕೆಯನ್ನು ಪೇದೆ ಜೀಪಿನಲ್ಲೇ ಮನೆಗೆ ಬಿಟ್ಟುಬಂದ. ರಾತ್ರಿ ಒಂಬತ್ತಕ್ಕೆ ಗಂಡನ ಫೋನಿಗೆ ಮಗಳ ಕರೆ ಬಂದಾಗ ಇನ್ಸ್‌ಪೆಕ್ಟರ್ ಅದನ್ನು ಅವನ ಕೈಗೇ ಕೊಟ್ಟರು.

"ಅಪ್ಪಾ, ಅಲ್ಲಿಂದ ಮನೆಗೆ ಬರೋಕೆ ಎಷ್ಟೊತ್ತು ಬೇಕು?"

ಅವನು ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಕಿಟಕಿಯತ್ತ ತಿರುಗಿಕೊಂಡರು.

"ಬಸ್ಸಲ್ಲಿ ಅರ್ಧ ಗಂಟೆ, ಪುಟ್ಟೀ" ಎಂದ.